ಅಧಿಕಮಾಸ ಬಲ್ಲ ಹುಳು: ಲೊಂಬೊಕ್ ದ್ವೀಪದಲ್ಲಿ ಐದು ತಿಥಿ

ತದಿಗೆ

ಉತ್ತರ ಕನ್ನಡದ ಕರಾವಳಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ನಾನು, ಪ್ರತಿವರ್ಷವೂ ಬಿ.ಎಸ್ಸಿ. ತರಗತಿಯ ಕರಿಹಲಗೆಯ ಮೇಲೆ ನೆರೆಯಿಸ್ ಎಂಬ ಕಡಲ ಹುಳುವಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಸಂತಾನಕಾಲ ಬಂದಾಗ ಅದು ಹೇಗೆ ತನ್ನ ರೂಪವನ್ನೇ ಬದಲಿಸಿಕೊಂಡು, ತಳದ ಕೆಸರನ್ನು ಬಿಟ್ಟು, ನೀರಿನ ಮೇಲ್ಮೈಗೆ ಈಜಿ ಬರುತ್ತದೆ ಎಂಬುದನ್ನು ವಿವರಿಸುತ್ತಿದ್ದೆ. ತೋರಿಸುವುದಕ್ಕೆ ನಮ್ಮಲ್ಲಿದ್ದದ್ದು ಫಾರ್ಮಲಿನ್ ತುಂಬಿದ ಗಾಜಿನ ಜಾಡಿಯಲ್ಲಿ ಬಣ್ಣವೆಲ್ಲ ಕಳೆದುಕೊಂಡು ಸುರುಳಿಯಾಗಿ ಬಿದ್ದಿದ್ದ ಒಂದೇ ಒಂದು ಹುಳು. ನಾನು ಕೆಲಸಕ್ಕೆ ಸೇರುವ ಮೊದಲೇ ಅದು ಅಲ್ಲಿತ್ತು, ನಿವೃತ್ತನಾಗಿ ಹೊರಬಂದಾಗಲೂ ಅಲ್ಲೇ ಇತ್ತು. ಸಾವಿರಾರು ಹುಳುಗಳು ಒಂದೇ ರಾತ್ರಿ ಒಟ್ಟಿಗೆ ಮೇಲೆದ್ದು ಬರುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಆಸೆ ಆ ಜಾಡಿಯನ್ನು ನೋಡಿ ನೋಡಿಯೇ ಹುಟ್ಟಿದ್ದಿರಬೇಕು.

ಅದಕ್ಕಾಗಿ ಆರಿಸಿಕೊಂಡದ್ದು ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ದಕ್ಷಿಣ ಕರಾವಳಿಯನ್ನು. ಅಲ್ಲಿನ ಸಾಸಾಕ್ ಜನರು ಫೆಬ್ರುವರಿ ಅಥವಾ ಮಾರ್ಚ್ ತಿಂಗಳಲ್ಲಿ, ಹುಣ್ಣಿಮೆ ಕಳೆದ ಐದಾರು ದಿನಗಳಿಗೆ, ಬೆಳಕು ಹರಿಯುವ ಮುಂಚೆ ಕಡಲಿಗಿಳಿದು ಈ ಹುಳುಗಳನ್ನು ಹಿಡಿಯುತ್ತಾರೆ. ಅವರ ಭಾಷೆಯಲ್ಲಿ ಹುಳುವಿಗೆ ನ್ಯಾಲೆ ಎಂದು ಹೆಸರು. ಬಾವು ಎಂದರೆ ಹಿಡಿಯುವುದು. ಆದ್ದರಿಂದ ಹಬ್ಬ ಬಾವು ನ್ಯಾಲೆ. ಹುಳು ಬರುವುದು ಚಂದ್ರನ ಲೆಕ್ಕದಲ್ಲಿಯಾದ್ದರಿಂದ ನಾನೂ ಈ ದಿನಚರಿಯನ್ನು ತಾರೀಖಿನ ಬದಲು ತಿಥಿಯಲ್ಲಿಯೇ ಬರೆಯುತ್ತಿದ್ದೇನೆ. ಮಾಘ ಬಹುಳ ಬಿದಿಗೆಯಂದು ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್ ತಲುಪಿ, ಮರುದಿನ ತದಿಗೆಯ ಬೆಳಿಗ್ಗೆ ಪಡಂಗ್ ಬಾಯ್ ಬಂದರಿನಿಂದ ಲೆಂಬಾರ್‌ಗೆ ಹೋಗುವ ದೊಡ್ಡ ದೋಣಿಯನ್ನು ನಾನೂ ನನ್ನ ಪತ್ನಿಯೂ ಹತ್ತಿದೆವು. ವಿಮಾನದಲ್ಲಿ ಅರ್ಧ ಗಂಟೆಯೊಳಗೆ ಮುಗಿಯುವ ದಾರಿಗೆ ದೋಣಿಯಲ್ಲಿ ನಾಲ್ಕೂವರೆ ಗಂಟೆ ಬೇಕಾಯಿತು. ನನಗೆ ಮಾತ್ರ ಆ ಜಲಸಂಧಿಯನ್ನು ನೀರಿನ ಮೇಲೆಯೇ ದಾಟುವ ಹಟವಿತ್ತು.

ಬ್ರಿಟಿಷ್ ಪ್ರಕೃತಿವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1856ರಲ್ಲಿ ಇದೇ ನೀರನ್ನು ದಾಟಿ, ಬಾಲಿಯಲ್ಲಿ ಕಂಡ ಹಕ್ಕಿಗಳು ಲೊಂಬೊಕ್‌ನಲ್ಲಿ ಇಲ್ಲದಿರುವುದನ್ನೂ, ಅಲ್ಲಿ ಆಸ್ಟ್ರೇಲಿಯಾದ ಕಡೆಯ ಕಾಕಟೂ ಗಿಳಿಗಳು ಕೂಗುತ್ತಿರುವುದನ್ನೂ ಗಮನಿಸಿದ. ಕಿರಿದಾದ ಕಡೆ ನಲವತ್ತು ಕಿಲೋಮೀಟರ್ ಅಗಲವೂ ಇಲ್ಲದ ಈ ನೀರು ಪ್ರಾಣಿಗಳ ಎರಡು ಲೋಕಗಳ ನಡುವಿನ ಗಡಿಯೆಂದು ಅವನಿಗೆ ತೋರಿದ್ದು ಆಗಲೇ. ಆದರೆ ಹಕ್ಕಿಗಳಿಗೆ ಗಡಿಯಾದದ್ದು ಕಡಲ ಹುಳುವಿಗೆ ಗಡಿಯಲ್ಲ. ನ್ಯಾಲೆಯ ಗುಂಪಿನ ಮುಖ್ಯ ಜಾತಿಯಾದ ಪಲೋಲ ವಿರಿಡಿಸ್ ಇಲ್ಲಿಂದ ಪೆಸಿಫಿಕ್ ಸಾಗರದ ಸಮೋವಾ, ಫಿಜಿ ದ್ವೀಪಗಳವರೆಗೂ ಹರಡಿದೆ. ಕಡಲಿನಲ್ಲಿ ತೇಲುವ ಅದರ ಮರಿಗಳನ್ನು ಒಯ್ಯುವುದು ಪ್ರವಾಹ. ಇದನ್ನು ಹೇಳಿದಾಗ ನನ್ನ ಪತ್ನಿ, "ಹುಳುವಿಗೆ ಪಾಸ್‌ಪೋರ್ಟ್ ಬೇಡ, ಅದನ್ನು ನೋಡುವವರಿಗೆ ಮಾತ್ರ ಬೇಕು" ಎಂದು ಹೇಳಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಲೆಂಬಾರ್‌ನಿಂದ ದಕ್ಷಿಣದ ಕುಟ ಹಳ್ಳಿಯವರೆಗಿನ ರಸ್ತೆಯುದ್ದಕ್ಕೂ ಗದ್ದೆಗಳು ಹಸಿರಾಗಿದ್ದವು. ಇಲ್ಲಿ ಫೆಬ್ರುವರಿ ಎಂದರೆ ನಡು ಮಳೆಗಾಲ. ಬಾಲಿಯ ಪ್ರಸಿದ್ಧ ಕುಟ ಬೇರೆ, ಇದು ಬೇರೆ. ಇಲ್ಲಿ ಸದ್ದು ಮಾಡುವುದು 2021ರಲ್ಲಿ ಆರಂಭವಾದ ಮಂಡಲಿಕ ಮೋಟಾರು ಪಂದ್ಯದ ಪಥ ಒಂದೇ, ಅದೂ ಪಂದ್ಯದ ದಿನಗಳಲ್ಲಿ.

ಚೌತಿ

ನಾವು ಉಳಿದುಕೊಂಡ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಸಾಸಾಕ್ ಜನರು ತಂದೆಯ ವಯಸ್ಸಿನವರನ್ನು ಅಮಾಕ್ ಎಂದೂ ತಾಯಿಯ ವಯಸ್ಸಿನವರನ್ನು ಇನಾಕ್ ಎಂದೂ ಕರೆಯುವುದರಿಂದ ನಾವೂ ಹಾಗೆಯೇ ಕರೆದೆವು. ಅವರ ಮಗ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸದಲ್ಲಿರುವುದರಿಂದ ನಮ್ಮ ನಡುವೆ ಮಾತು ದಾಟಿಸಲು ಅವನಿದ್ದ. ಬೆಳಗಿನ ಕಾಫಿಯ ಹೊತ್ತಿಗೆ ನಾನು ಕೇಳಿದ ಮೊದಲ ಪ್ರಶ್ನೆ, ಹುಳು ಬರುವ ದಿನವನ್ನು ನೀವು ಹೇಗೆ ಗೊತ್ತುಮಾಡುತ್ತೀರಿ ಎಂಬುದು. ಅಮಾಕ್ ಬೆರಳೆತ್ತಿ ಆಕಾಶದ ಕಡೆ ತೋರಿಸಿ, "ರೊವೊತ್" ಎಂದರು.

ರೊವೊತ್ ಎಂದರೆ ನಮ್ಮ ಕೃತ್ತಿಕೆ. ಮೇ ತಿಂಗಳಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದ ಆ ನಕ್ಷತ್ರದ ಗೊಂಚಲು ಮತ್ತೆ ಮುಂಜಾವದ ಪೂರ್ವದಿಕ್ಕಿನಲ್ಲಿ ಕಾಣಿಸಿಕೊಳ್ಳುವ ಕಾಲಕ್ಕೆ ಸಾಸಾಕ್ ಜನರ ವರ್ಷ ಆರಂಭವಾಗುತ್ತದೆ. ನಮ್ಮ ರೈತರು ಕೃತ್ತಿಕೆ ಮಳೆ ಎನ್ನುವುದೂ ಸೂರ್ಯ ಆ ನಕ್ಷತ್ರದಲ್ಲಿರುವ ಅದೇ ಮೇ ತಿಂಗಳ ಮಳೆಗೆ. ಅಲ್ಲಿಂದ ತಿಂಗಳುಗಳನ್ನು ಚಂದ್ರನ ಲೆಕ್ಕದಲ್ಲಿ ಎಣಿಸುತ್ತ ಹೋಗಿ, ಹತ್ತನೆಯ ತಿಂಗಳ ಇಪ್ಪತ್ತನೆಯ ದಿನವನ್ನು ನ್ಯಾಲೆಯ ದಿನವೆಂದು ಹಿಡಿಯುತ್ತಾರೆ. ಅಮಾವಾಸ್ಯೆಯ ನಂತರದ ಇಪ್ಪತ್ತನೆಯ ದಿನವೆಂದರೆ ನಮ್ಮ ಲೆಕ್ಕದಲ್ಲಿ ಬಹುಳ ಪಂಚಮಿ, ಷಷ್ಠಿಯ ಸುಮಾರು. ಆದರೂ ಎಣಿಕೆಯೊಂದನ್ನೇ ನೆಚ್ಚಿ ಕೂರುವುದಿಲ್ಲ. ಹಿರಿಯರು ಒಂದೆಡೆ ಸೇರಿ, ನಕ್ಷತ್ರವನ್ನೂ ಮಳೆಯನ್ನೂ ಗಾಳಿಯನ್ನೂ ತಾಳೆ ನೋಡಿ ದಿನವನ್ನು ಸಾರುತ್ತಾರೆ. ಆ ಸಭೆಗೆ ಸಂಗ್ಕೆಪ್ ವರಿಗೆ ಎಂಬ ಹೆಸರಿದೆ.

ಸಭೆಯ ಅಗತ್ಯವೇನೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಬರಿಯ ಚಂದ್ರನನ್ನು ನಂಬಿದ ಹಬ್ಬ ಪ್ರತಿವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತ, ಮೂರು ದಶಕಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರಬೇಕು. ಆದರೆ ನ್ಯಾಲೆ ಹಾಗೆ ಸುತ್ತುವುದಿಲ್ಲ. ಅದು ಒಂದೆರಡು ವರ್ಷ ಹನ್ನೊಂದು ಹನ್ನೊಂದು ದಿನ ಮುಂಚೆ ಬಂದು, ಮತ್ತೊಂದು ವರ್ಷ ಹದಿಮೂರು ತಿಂಗಳು ಕಾದು, ತನ್ನ ಋತುವಿಗೆ ಮರಳಿ ಸೇರಿಕೊಳ್ಳುತ್ತದೆ. ನಮ್ಮ ಪಂಚಾಂಗಕರ್ತರು ಚೈತ್ರ ವೈಶಾಖಗಳು ಋತುತಪ್ಪದಿರಲೆಂದು ಎರಡು ಮೂರು ವರ್ಷಕ್ಕೊಮ್ಮೆ ಸೇರಿಸುವ ಅಧಿಕಮಾಸವೂ ಇದೇ ಕೆಲಸವನ್ನು ಮಾಡುತ್ತದೆ. ಕಲ್ಲಿನ ಬಿಲದಲ್ಲಿ ಬದುಕುವ, ಮಿದುಳೆಂದು ಕರೆಯಲು ಸಾಸಿವೆಯಷ್ಟೂ ಇಲ್ಲದ ಜೀವಿಯೊಂದು ಸೌರ ಮತ್ತು ಚಾಂದ್ರ ಎರಡೂ ಲೆಕ್ಕಗಳನ್ನು ಹೊಂದಿಸಿಕೊಂಡು ನಡೆಯುತ್ತದೆ ಎನ್ನುವ ಈ ಸಂಗತಿಯನ್ನು ನಾನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೀಗೆ ಹೇಳಿಕೊಡಲಿಲ್ಲ. ಪಠ್ಯದಲ್ಲಿ "ಋತುಮಾನಕ್ಕನುಗುಣವಾಗಿ" ಎಂದು ಒಂದು ಪದವಿತ್ತು, ನಾನು ಅದನ್ನೇ ಬರೆಸಿ ಮುಂದೆ ಹೋಗುತ್ತಿದ್ದೆ. ಋತುವನ್ನು ತಿಳಿಸುವುದು ನೀರಿನ ಬಿಸಿ ಮತ್ತು ಹಗಲಿನ ಉದ್ದ. ಆ ಋತುವಿನೊಳಗೆ ದಿನವನ್ನು ಆರಿಸುವುದು ಚಂದ್ರ. ದಿನದೊಳಗೆ ಗಳಿಗೆಯನ್ನು ಆರಿಸುವುದು ಕತ್ತಲು.

ಮಧ್ಯಾಹ್ನ ನೀರು ಇಳಿದಾಗ ಅಮಾಕ್ ನಮ್ಮನ್ನು ಸೆಗೆರ್ ಕಡಲತೀರಕ್ಕೆ ಕರೆದೊಯ್ದರು. ಎರಡು ಹುಲ್ಲುಗುಡ್ಡಗಳ ನಡುವಿನ ಸಣ್ಣ ಕೊಲ್ಲಿ ಅದು. ಅಲೆಯ ಹೊಡೆತಕ್ಕೆ ಮುರಿದು ದಡಕ್ಕೆ ಬಂದ ಸತ್ತ ಹವಳದ ತುಂಡೊಂದನ್ನು ಅವರು ಎತ್ತಿ ತೋರಿಸಿದರು. ಅದರ ತುಂಬ ಪೆನ್ಸಿಲ್ ತೂರುವಂಥ ತೂತುಗಳು. ಇಂಥ ಕಲ್ಲುಗಳ ಒಳಗೆ ಹುಳು ವರ್ಷವಿಡೀ ವಾಸವಾಗಿರುತ್ತದೆ. ಗಟ್ಟಿ ದವಡೆಗಳಿಂದ ಕಲ್ಲನ್ನೇ ಕೆರೆದು ಬಿಲ ಮಾಡಿಕೊಳ್ಳುವ ಅದು ಹಗಲಿನಲ್ಲಿ ಹೊರಗೆ ಮುಖ ತೋರಿಸುವುದಿಲ್ಲ. ನಾನು ಒಂದು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಸಣ್ಣದೊಂದು ಏಡಿ ಹೊರಗೆ ಬಂತು.

ಆ ದಿನ ಸಂಕಷ್ಟಿಯಾದ್ದರಿಂದ ನನ್ನ ಪತ್ನಿ ಚಂದ್ರನನ್ನು ನೋಡದೆ ಊಟ ಮಾಡುವಂತಿರಲಿಲ್ಲ. ಅವಳು ಚೀಲದಲ್ಲಿ ತಂದಿದ್ದ ಪಂಚಾಂಗದಲ್ಲಿ ಬರೆದಿದ್ದದ್ದು ಬೆಂಗಳೂರಿನ ಚಂದ್ರೋದಯದ ಹೊತ್ತು. ಇಲ್ಲಿಯ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಕಡೆಗೆ ಪಂಚಾಂಗವನ್ನೂ ಗಡಿಯಾರವನ್ನೂ ಬದಿಗಿಟ್ಟು ಇಬ್ಬರೂ ಅಂಗಳದಲ್ಲಿ ಕುಳಿತೆವು. ಆರೂವರೆ ಕಳೆದ ಮೇಲೆ ಸೂರ್ಯ ಮುಳುಗಿತು. ಆಮೇಲೆ ಸುಮಾರು ಮೂರು ಗಂಟೆಗಳ ಕಾಲ ಗಾಢವಾದ ಕತ್ತಲು. ಒಂಬತ್ತೂವರೆಯ ಸುಮಾರಿಗೆ ಗುಡ್ಡದ ಮೇಲೆ ಒಂದು ಬದಿ ಸವೆದ ಚಂದ್ರ ಎದ್ದ.

ಹುಣ್ಣಿಮೆಯ ದಿನ ಸೂರ್ಯ ಮುಳುಗುತ್ತಿದ್ದಂತೆ ಚಂದ್ರ ಬರುತ್ತಾನೆ, ಆದ್ದರಿಂದ ಕತ್ತಲೆಗೆ ಅವಕಾಶವೇ ಇಲ್ಲ. ಮರುದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯಂತೆ ಚಂದ್ರ ತಡವಾಗುತ್ತ, ಸಂಜೆಗೂ ಬೆಳದಿಂಗಳಿಗೂ ನಡುವೆ ಕತ್ತಲಿನ ಒಂದು ಕಿಂಡಿ ತೆರೆದು ಅಗಲವಾಗುತ್ತ ಹೋಗುತ್ತದೆ. ಸಂಕಷ್ಟಿಯ ಹಸಿವು ಅಳೆಯುವುದು ಈ ಕಿಂಡಿಯನ್ನೇ. ಇಟಲಿಯ ನೇಪಲ್ಸ್ ಕೊಲ್ಲಿಯಿಂದ ತಂದು ಪ್ರಯೋಗಾಲಯಗಳಲ್ಲಿ ಸಾಕಿರುವ ಪ್ಲಾಟಿನೆರೆಯಿಸ್ ಎಂಬ ಸಣ್ಣ ಹುಳು, ನನ್ನ ನೆರೆಯಿಸ್‌ನ ಹತ್ತಿರದ ಬಂಧು, ಇದೇ ಕಿಂಡಿಯನ್ನು ಹುಡುಕಿಕೊಂಡು ಹೊರಬರುತ್ತದೆಂದು ಈಚಿನ ಸಂಶೋಧನೆಗಳು ತೋರಿಸಿವೆ. 1960ರಲ್ಲಿ ಜರ್ಮನಿಯ ಹವೆನ್‌ಶಿಲ್ಡ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗ ಅದಕ್ಕಿಂತಲೂ ಸರಳ, ಅದಕ್ಕಿಂತಲೂ ಚೆಂದ: ಆಕಾಶವೇ ಕಾಣದ ಕೋಣೆಯಲ್ಲಿಟ್ಟ ಹುಳುಗಳಿಗೆ ತಿಂಗಳಿಗೆ ಕೆಲವು ರಾತ್ರಿ ಮಾತ್ರ ಮಂದವಾದ ದೀಪವೊಂದನ್ನು ಹಚ್ಚಿಟ್ಟರೆ, ಅವು ಆ ದೀಪವನ್ನೇ ಚಂದ್ರನೆಂದು ಬಗೆದು, ಅದರ ಲೆಕ್ಕದಲ್ಲಿ ಬಲಿತು, ಮೇಲೆದ್ದು ಬರುತ್ತಿದ್ದವು. ದೀಪವನ್ನು ನಿಲ್ಲಿಸಿದ ಮೇಲೂ ತಿಂಗಳ ಆ ಲಯ ಕೆಲಕಾಲ ಮುಂದುವರಿಯುತ್ತಿತ್ತು. ಅಂದರೆ ಚಂದ್ರ ಹುಳುವಿನ ಒಳಗಿನ ಗಡಿಯಾರಕ್ಕೆ ಕೀಲಿ ಕೊಡುವವನು ಮಾತ್ರ. ಬೆಳದಿಂಗಳನ್ನೂ ಬಿಸಿಲನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲ ಎಲ್-ಕ್ರೈ ಎಂಬ ಪ್ರೋಟೀನು ಅದರ ದೇಹದಲ್ಲಿರುವುದನ್ನು 2022ರಲ್ಲಿ ವಿಯೆನ್ನಾದ ತಂಡ ವಿವರಿಸಿತು.

ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದಾಗ ಅಮಾಕ್ ಮಗನ ಮೂಲಕ ಕೇಳಿದ ಒಂದು ಪ್ರಶ್ನೆ ನನ್ನ ಬಾಯಿ ಕಟ್ಟಿಸಿತು. ನಿಮ್ಮ ಹುಳು ಚಂದ್ರ ಬರುವ ಮೊದಲು ಬರುತ್ತದೆ. ನಮ್ಮ ನ್ಯಾಲೆ ಚಂದ್ರ ನೆತ್ತಿಗೇರಿದ ಮೇಲೆ, ಬೆಳಗಿನ ಜಾವ ಬರುತ್ತದೆ. ಎರಡೂ ಒಂದೇ ಹೇಗೆ? ಅವರ ಮಾತು ನ್ಯಾಯವಾದದ್ದು. ಒಂದು ಹುಳುವಿನ ನಿಯಮವನ್ನು ಇನ್ನೊಂದರ ಮೇಲೆ ಹೊರಿಸುವುದು ಮೇಷ್ಟರುಗಳ ಹಳೆಯ ಚಾಳಿ.

ಪಂಚಮಿ

ಬೆಳಗಿನ ಜಾವ ಮೂರಕ್ಕೆ ಎದ್ದು ಸೆಗೆರ್‌ಗೆ ಹೋದೆವು. ಇದು ಜೆಲೊ ಬೊವಾಕ್, ಹುಳು ಹೊರಡುವ ದಿನ; ನಾಳೆಯದು ಜೆಲೊ ತುಂಪಾಹ್, ಉಕ್ಕುವ ದಿನ. ಹಾಲು ಒಲೆಯ ಮೇಲೆ ಮೊದಲು ಬಿಸಿಯಾಗಿ ಆಮೇಲೆ ಉಕ್ಕುವುದಿಲ್ಲವೇ ಎಂದು ನನ್ನ ಪತ್ನಿ ಅದನ್ನು ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡಳು. ತೀರದಲ್ಲಿದ್ದವರು ಇಪ್ಪತ್ತು ಮೂವತ್ತು ಜನ, ಹೆಚ್ಚಾಗಿ ಹತ್ತಿರದ ಹಳ್ಳಿಗಳವರು. ಮೊಣಕಾಲುದ್ದದ ನೀರಿನಲ್ಲಿ ಎರಡು ಗಂಟೆ ನಿಂತದ್ದಕ್ಕೆ ನಮ್ಮ ಬಾಲ್ದಿಗೆ ಬಂದದ್ದು ಏಳೆಂಟು ಎಳೆಗಳು, ಅವುಗಳಲ್ಲಿ ಎರಡು ಕಡಲಪಾಚಿ. ಅಮಾಕ್ ಚಿಂತಿಸಲಿಲ್ಲ. ಇಷ್ಟು ಬಂದರೆ ನಾಳೆ ಬಂದೇ ಬರುತ್ತದೆ ಎಂದರು.

ಹಗಲಿನಲ್ಲಿ ಸಾದೆ ಎಂಬ ಹಳೆಯ ಸಾಸಾಕ್ ಹಳ್ಳಿಗೆ ಹೋಗಿ ಬಂದೆವು. ಅಲ್ಲಿ ಹುಲ್ಲು ಹೊದಿಸಿದ ಮನೆಗಳ ನೆಲವನ್ನು ಇಂದಿಗೂ ಸಗಣಿಯಿಂದ ಸಾರಿಸುತ್ತಾರೆಂಬುದನ್ನು ನೋಡಿ ನನ್ನ ಪತ್ನಿಗೆ ತವರು ಮನೆಗೆ ಬಂದಷ್ಟು ಸಂತೋಷವಾಯಿತು. ಹುಳುವಿಗೆ ಸಂಬಂಧಿಸಿದ್ದು ಅಲ್ಲಿ ಏನೂ ಇರಲಿಲ್ಲವಾದ್ದರಿಂದ ಆ ವಿಷಯವನ್ನು ಇಲ್ಲಿಗೆ ಬಿಡುತ್ತೇನೆ.

ಸಂಜೆ ಸೆಗೆರ್ ತೀರದ ಪ್ರತಿಮೆಯ ಬಳಿ ಕುಳಿತು ಮಂಡಲಿಕ ರಾಜಕುಮಾರಿಯ ಕಥೆಯನ್ನು ಕೇಳಿದೆವು. ತೊಂಜಾಂಗ್ ಬೆರು ರಾಜ್ಯದ ಆ ಚೆಲುವೆಯನ್ನು ಮದುವೆಯಾಗಲು ಸುತ್ತಲಿನ ರಾಜಕುಮಾರರೆಲ್ಲರೂ ಹಟ ಹಿಡಿದು ಯುದ್ಧಕ್ಕೆ ನಿಂತಾಗ, ಒಬ್ಬನನ್ನು ಒಪ್ಪಿದರೆ ಉಳಿದವರು ನಾಡನ್ನು ಸುಡುತ್ತಾರೆಂದು ಅರಿತ ಅವಳು, ಹತ್ತನೆಯ ತಿಂಗಳ ಇಪ್ಪತ್ತರ ಬೆಳಗಿನ ಜಾವ ಎಲ್ಲರನ್ನೂ ಈ ತೀರಕ್ಕೆ ಕರೆಸಿ, ನಾನು ನಿಮ್ಮೆಲ್ಲರಿಗೂ ಸೇರಿದವಳು ಎಂದು ಹೇಳಿ ಕಡಲಿಗೆ ಹಾರಿದಳು. ಹುಡುಕಲು ನೀರಿಗಿಳಿದವರ ಕೈಗೆ ಸಿಕ್ಕಿದ್ದು ಬಣ್ಣಬಣ್ಣದ ಹುಳುಗಳು. ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಕರಾರುವಾಕ್ಕಾದ ತಿಥಿ ಮತ್ತು ಹೊತ್ತು. ನಮ್ಮ ಪುರಾಣಗಳಲ್ಲಿ ಬಹುಮಟ್ಟಿಗೆ ಕಥೆ ಮೊದಲು ಹುಟ್ಟಿ ಹಬ್ಬದ ತಿಥಿ ಆಮೇಲೆ ಬಂದಂತೆ ತೋರುತ್ತದೆ. ಇಲ್ಲಿ ತಿಥಿಯನ್ನು ಮೊದಲು ಕೊಟ್ಟದ್ದು ಹುಳು, ರಾಜಕುಮಾರಿ ಆಮೇಲೆ ಬಂದವಳು ಎಂದೇ ನನ್ನ ಅಭಿಪ್ರಾಯ. ಅಮಾಕ್ ಇದನ್ನು ಒಪ್ಪಲಿಲ್ಲ.

ಈ ಹುಳುವನ್ನು ನಂಬಿ ಕಾಲವನ್ನು ಎಣಿಸಿದವರು ಸಾಸಾಕ್ ಜನರು ಮಾತ್ರವಲ್ಲ. ಪೂರ್ವಕ್ಕಿರುವ ಸುಂಬಾ ದ್ವೀಪದಲ್ಲಿ ರಾತೊ ಎಂದು ಕರೆಯುವ ಪುರೋಹಿತರು ಬೆಳಗಿನ ಜಾವ ಕಡಲಿಗೆ ಹೋಗಿ, ಬಂದ ನ್ಯಾಲೆಯನ್ನು ನೋಡಿ ಬೆಳೆಯ ಭವಿಷ್ಯ ಹೇಳಿದ ಮೇಲೆಯೇ ಕುದುರೆ ಸವಾರರು ಒಬ್ಬರ ಮೇಲೊಬ್ಬರು ಭರ್ಜಿ ಎಸೆಯುವ ಪಸೋಲಾ ಆರಂಭವಾಗುತ್ತದೆ. ಇನ್ನೂ ಪೂರ್ವದ ಅಂಬೊನ್‌ನಲ್ಲಿ ಇದೇ ಬಗೆಯ ಹುಳುಗಳಿಗೆ ಲಾವೊರ್ ಅಥವಾ ವಾವೊ ಎಂಬ ಹೆಸರಿದ್ದು, ಅಲ್ಲಿ ಡಚ್ ಕಂಪನಿಯ ಸೇವೆಯಲ್ಲಿದ್ದ, ಕಣ್ಣು ಕಳೆದುಕೊಂಡ ಮೇಲೂ ಬರೆಯುವುದನ್ನು ಬಿಡದ ರುಂಫಿಯಸ್ ಅವುಗಳ ಬಗ್ಗೆ ಬರೆದ ವಿವರ, ಅವನು ತೀರಿಕೊಂಡ ನಂತರ 1705ರಲ್ಲಿ ಅಚ್ಚಾಯಿತು. ಸಮೋವಾದಲ್ಲಿ ಪಲೋಲೊ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಚಂದ್ರ ಅರ್ಧಕ್ಕೆ ಇಳಿದ ಬಹುಳ ಅಷ್ಟಮಿಯ ಆಸುಪಾಸಿನಲ್ಲಿ. ಫಿಜಿಯ ಹಳೆಯ ಎಣಿಕೆಯಲ್ಲಿ ತಿಂಗಳಿಗೇ ಈ ಹುಳುವಿನ ಹೆಸರು: ಅಕ್ಟೋಬರ್ ಸಣ್ಣ ಬಲೊಲೊ, ನವೆಂಬರ್ ದೊಡ್ಡ ಬಲೊಲೊ. ಲೊಂಬೊಕ್‌ನಲ್ಲಿಯೂ ಹತ್ತನೆಯ ತಿಂಗಳ ಹುಳುವಿಗೆ ನ್ಯಾಲೆ ತುಂಗಾಕ್ ಎಂದೂ ಹನ್ನೊಂದನೆಯ ತಿಂಗಳಲ್ಲಿ ಉಳಿದು ಬರುವುದಕ್ಕೆ ನ್ಯಾಲೆ ಪೊತೊ ಎಂದೂ ಎರಡು ಹೆಸರುಗಳಿವೆ. ಎರಡು ಕಡೆಯವರೂ ಎರಡೆರಡು ತಿಂಗಳುಗಳನ್ನು ಹೇಳುವುದು ಕಾಕತಾಳೀಯವಲ್ಲ. ಋತುವಿನ ಕಿಟಕಿಯೊಳಗೆ ಎರಡು ಹುಣ್ಣಿಮೆಗಳು ಬಿದ್ದಾಗ ಹುಳುಗಳು ಹಂಚಿಹೋಗುತ್ತವೆ. ಅವುಗಳಲ್ಲಿಯೂ ಅಧಿಕಮಾಸದ ವಿಷಯದಲ್ಲಿ ಒಮ್ಮತವಿಲ್ಲ ಎನ್ನಬಹುದು.

ನಮ್ಮ ಕಡಲಿನ ಲೆಕ್ಕವೇ ಬೇರೆ. ಶರಾವತಿ, ಅಘನಾಶಿನಿ, ಕಾಳಿಯಂಥ ನದಿಗಳ ಅಳಿವೆಯಲ್ಲಿ ಮುಂಗಾರಿನ ಸಿಹಿನೀರು ನುಗ್ಗಿ ಉಪ್ಪನ್ನು ತೊಳೆದುಹಾಕಿದಾಗ ಕೆಸರಿನ ಹುಳುಗಳಲ್ಲಿ ಬಹುಪಾಲು ನಾಶವಾಗುತ್ತವೆ. ಮಳೆ ನಿಂತು ಉಪ್ಪು ಮರಳಿದ ಮೇಲೆ ಹೊಸ ಮರಿಗಳು ಬಂದು ನೆಲೆಯೂರುತ್ತವೆ. ಅಲ್ಲಿ ಋತುವನ್ನು ಆಳುವುದು ಮಳೆ. ಆ ಅಬ್ಬರದ ನಡುವೆ ಚಂದ್ರನ ದನಿ ಕೇಳಿಸಬೇಕಾದರೆ ಕಿವಿ ಬಹಳ ಸೂಕ್ಷ್ಮವಾಗಿರಬೇಕು.

ಷಷ್ಠಿ

ನಡುರಾತ್ರಿಯಿಂದಲೇ ರಸ್ತೆಯಲ್ಲಿ ಮೋಟಾರು ಬೈಕುಗಳ ಸಾಲು. ವೇದಿಕೆಯ ಮೇಲೆ ಹಾಡು, ಪ್ರಣಯದ ಚೌಪದಿಗಳ ಸವಾಲು ಜವಾಬು, ಬೆತ್ತ ಮತ್ತು ಎಮ್ಮೆಯ ತೊಗಲಿನ ಗುರಾಣಿ ಹಿಡಿದು ಹೊಡೆದಾಡುವ ಪೆರೆಸೆಯನ್ ಆಟ, ಎಲ್ಲವೂ ನಡೆದಿದ್ದವು. ನಾಲ್ಕಕ್ಕೆ ಮಳೆ ಬಂತು. ಮಳೆ ಬಂದದ್ದಕ್ಕೆ ಜನ ಸಂತೋಷಪಟ್ಟರು. ರಾಜಕುಮಾರಿ ಹಾರಿದ ದಿನವೂ ಮಳೆ ಬಂದಿತ್ತಂತೆ. ಅರ್ಧ ಗಂಟೆಯಲ್ಲಿ ಅದು ಹೊಳವಾದಾಗ ಹರಿದ ಮೋಡಗಳ ನಡುವೆ, ನೆತ್ತಿಯ ಹತ್ತಿರ, ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದ ಚಂದ್ರ ಕಾಣಿಸಿದ. ತೀರದುದ್ದಕ್ಕೂ ಸೊಂಟದವರೆಗಿನ ನೀರಿನಲ್ಲಿ ಸಾವಿರಾರು ಜನ ಹಣೆಗೆ ದೀಪ ಕಟ್ಟಿಕೊಂಡು ನಿಂತಿದ್ದರು. ಕೈಯಲ್ಲಿ ಬಲೆ, ಸೊಳ್ಳೆಪರದೆಯ ತುಂಡು, ಅಕ್ಕಿ ಜರಡಿ, ಏನು ಸಿಕ್ಕಿತೋ ಅದು.

ಮೊದಲ ಹುಳು ನನ್ನ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಅದನ್ನು ನೋಡಲು ಬಗ್ಗಿದಾಗ ದೀಪದ ವೃತ್ತದೊಳಗೆ ಇನ್ನು ಮೂರು, ಮತ್ತೆ ಹತ್ತು, ಆಮೇಲೆ ಎಣಿಕೆ ಬಿಟ್ಟುಹೋಯಿತು. ನೀರು ದಪ್ಪವಾದಂತೆ ತೋರಿತು. ಸೇಮಿಗೆಯ ಎಳೆಗಳಿಗೆ ಜೀವ ಬಂದು, ಪ್ರತಿಯೊಂದೂ ತನ್ನಷ್ಟಕ್ಕೆ ತಾನು ಸುರುಳಿ ಬಿಚ್ಚುತ್ತ, ಮತ್ತೆ ಸುತ್ತಿಕೊಳ್ಳುತ್ತ, ಬೆಳಕಿನ ಕಡೆಗೆ ತಿರುಗುತ್ತಿದ್ದಂತೆ. ಹಸಿರು, ನಸುಗೆಂಪು, ಹಳದಿ, ಕಾಫಿ ಬಣ್ಣ. ಜಾಡಿಯೊಳಗಿನ ಬಿಳಿಚಿದ ಹುಳುವನ್ನೇ ನೋಡಿದ್ದ ನನಗೆ ಇದಕ್ಕೆ ಇಷ್ಟು ಬಣ್ಣವಿದ್ದೀತೆಂದು ಪುಸ್ತಕದಲ್ಲಿ ಓದಿದ್ದರೂ ನಂಬಿಕೆ ಇರಲಿಲ್ಲವೆಂಬುದು ಆಗ ತಿಳಿಯಿತು. ಪಲೋಲದಲ್ಲಿ ನೀಲಿ ಹಸಿರಾಗಿ ಕಾಣುವುದು ಹೆಣ್ಣು, ಒಳಗಿನ ತತ್ತಿಗಳ ಬಣ್ಣ ಅದು. ಕಂದು ಬಣ್ಣದ್ದು ಗಂಡು. ಜೊತೆಗೆ ಬೇರೆ ಜಾತಿಗಳೂ ಬೆರೆತಿರುತ್ತವೆ. ಅಂಬೊನ್‌ನ ಹಿಂಡುಗಳನ್ನು ಪರೀಕ್ಷಿಸಿದವರು ನೆರೆಯಿಸ್ ಕುಟುಂಬದ ಹುಳುಗಳನ್ನೂ ಅವುಗಳಲ್ಲಿ ಕಂಡಿದ್ದಾರೆ. ಹಾಗಾಗಿ ನನ್ನ ಹಳೆಯ ಪರಿಚಯದವನೊಬ್ಬ ಈ ಗುಂಪಿನಲ್ಲಿಯೂ ಇದ್ದಿರಬಹುದು.

ದಡದಲ್ಲಿ ಬಿಳಿಯ ಪಿಂಗಾಣಿ ತಟ್ಟೆಗೆ ನೀರು ಹಾಕಿ, ಒಂದು ಹಸಿರು ಎಳೆಯನ್ನು ಬಿಟ್ಟು, ಭೂತಗನ್ನಡಿಯಲ್ಲಿ ನೋಡಿದೆ. ಅದಕ್ಕೆ ತಲೆ ಇರಲಿಲ್ಲ. ಇದೇ ಪಲೋಲದ ವೈಶಿಷ್ಟ್ಯ. ನೆರೆಯಿಸ್ ಸಂತಾನಕಾಲದಲ್ಲಿ ಇಡಿಯಾಗಿ ಬದಲಾಗುತ್ತದೆ: ಕಣ್ಣು ದೊಡ್ಡದಾಗಿ, ಪಕ್ಕದ ಕಾಲುಗಳು ದೋಣಿಯ ಹುಟ್ಟಿನಂತೆ ಅಗಲವಾಗಿ, ಕರುಳು ಸೊರಗಿ, ಒಮ್ಮೆ ಮೇಲೆದ್ದು ಬಂದರೆ ಮತ್ತೆ ಬಿಲಕ್ಕೆ ಮರಳುವುದಿಲ್ಲ, ಅಲ್ಲಿಗೆ ಅದರ ಬಾಳು ಮುಗಿಯಿತು. ಪಲೋಲ ಹಾಗಲ್ಲ. ಅದರ ಮುಂಭಾಗ, ಅಂದರೆ ತಲೆ, ದವಡೆ, ಕರುಳುಗಳಿರುವ ನಿಜವಾದ ಹುಳು, ಕಲ್ಲಿನೊಳಗೇ ಉಳಿಯುತ್ತದೆ. ತಿಂಗಳುಗಟ್ಟಲೆ ಬೆಳೆದು ತತ್ತಿ ಅಥವಾ ವೀರ್ಯಾಣುಗಳನ್ನು ತುಂಬಿಕೊಂಡ ಹಿಂಭಾಗ ಮಾತ್ರ ನಿಗದಿಯಾದ ರಾತ್ರಿ ಕಳಚಿಕೊಂಡು ತಾನೇ ಈಜಿ ಮೇಲೆ ಬರುತ್ತದೆ. ತಲೆಯಿಲ್ಲದ ಈ ತುಂಡು ದಾರಿ ಕಾಣುವುದು ಹೇಗೆ ಎಂಬುದಕ್ಕೆ ಉತ್ತರವೂ ಭೂತಗನ್ನಡಿಯ ಕೆಳಗೆ ಇತ್ತು: ಹೊಟ್ಟೆಯ ಬದಿಯಲ್ಲಿ ಖಂಡಕ್ಕೊಂದರಂತೆ ಸಾಲಾಗಿ ಇಟ್ಟ ಕಪ್ಪು ಚುಕ್ಕೆಗಳು. ಅವು ಬೆಳಕನ್ನು ಗುರುತಿಸುವ ಕಣ್ಚುಕ್ಕೆಗಳು. ಬಿಲದೊಳಗೆ ಉಳಿದವನು ಕಳೆದುಕೊಂಡ ಹಿಂಭಾಗವನ್ನು ಮತ್ತೆ ಬೆಳೆಸಿಕೊಂಡು ಮುಂದಿನ ವರ್ಷಕ್ಕೆ ಸಿದ್ಧನಾಗುತ್ತಾನೆ.

ಪೂರ್ವ ಬೆಳ್ಳಗಾಗುತ್ತಿದ್ದಂತೆ ತಟ್ಟೆಯಲ್ಲಿದ್ದ ಎಳೆ ಎರಡು ಮೂರು ಸಲ ಜೋರಾಗಿ ಸುತ್ತಿಕೊಂಡಿತು. ಆಮೇಲೆ ಒಂದು ಕಡೆ ಒಡೆದು, ಹಸಿರು ಧೂಳಿನಂಥ ತತ್ತಿಗಳು ನೀರಿನಲ್ಲಿ ಹರಡಿದವು. ಚರ್ಮ ಖಾಲಿ ಚೀಲದಂತೆ ತಳಕ್ಕಿಳಿಯಿತು. ಕಡಲಿನಲ್ಲಿಯೂ ಅದೇ ನಡೆಯುತ್ತಿತ್ತು. ಜನರ ಕಾಲ ಬಳಿ ನೀರು ಹಾಲು ಬೆರೆಸಿದಂತೆ ಮಬ್ಬಾಗಿ, ಮೇಲೆ ನೊರೆ ಕಟ್ಟಿತು. ಗಂಡು ಹೆಣ್ಣುಗಳು ಪರಸ್ಪರ ಹುಡುಕುವ ಅವಕಾಶವೇ ಇಲ್ಲದ ಈ ಪದ್ಧತಿಯಲ್ಲಿ, ಒಂದು ದಿನ ತಪ್ಪಿ ಬಂದ ಹುಳುವಿನ ತತ್ತಿಗಳೆಲ್ಲವೂ ವ್ಯರ್ಥ. ತಿಥಿಯ ಬಗ್ಗೆ ಅದಕ್ಕಿರುವ ಕಟ್ಟುನಿಟ್ಟಿಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಹಿಡಿದು ತಿನ್ನುವವರು, ಮೀನಾಗಲಿ ಮನುಷ್ಯರಾಗಲಿ, ಎಷ್ಟು ತಿಂದರೂ ಮುಗಿಯದಷ್ಟು ಒಮ್ಮೆಗೇ ಬರುವುದರಲ್ಲಿ ಇನ್ನೊಂದು ಲಾಭವೂ ಇದೆ. ಆರೂಕಾಲಿನ ನಂತರ ಸೂರ್ಯ ಗುಡ್ಡದ ಮೇಲೆ ಬಂದಾಗ ನೀರಿನಲ್ಲಿ ಉಳಿದಿದ್ದದ್ದು ಮಕ್ಕಳು ಮಾತ್ರ.

ಇನಾಕ್ ಮನೆಯಲ್ಲಿ ಹುಳುಗಳನ್ನು ತೊಳೆದು, ತುರಿದ ಕಾಯಿ, ಮೆಣಸಿನಕಾಯಿ, ಅರಿಸಿನ ಬೆರೆಸಿ, ಬಾಳೆಲೆಯಲ್ಲಿ ಕಟ್ಟಿ ಕೆಂಡದ ಮೇಲೆ ಸುಟ್ಟರು. ಇದಕ್ಕೆ ಪೆಪೆಸ್ ಎನ್ನುತ್ತಾರೆ. ನಾನು ವಿಜ್ಞಾನದ ನೆಪದಲ್ಲಿ ಮೊದಲ ತುತ್ತನ್ನು ಬಾಯಿಗಿಟ್ಟೆ. ನನ್ನ ಪತ್ನಿ ಸಂಕಷ್ಟಿ ಕಳೆದು ಎರಡು ದಿನವಾಯಿತೆಂದು ತನಗೆ ತಾನೇ ಹೇಳಿಕೊಂಡು ಒಂದು ಚೂರು ತಿಂದು, "ಏಡಿಯ ತತ್ತಿಯ ಹಾಗಿದೆ, ಉಪ್ಪು ಸ್ವಲ್ಪ ಮುಂದಾಗಿದೆ" ಎಂದಳು. ಉಪ್ಪು ಹಾಕಿದ್ದು ಇನಾಕ್ ಅಲ್ಲ, ಕಡಲು. ಅಮಾಕ್ ಬಾಲ್ದಿಯ ಅಳತೆಯನ್ನು ನೋಡಿ ಈ ವರ್ಷದ ಭತ್ತ ಚೆನ್ನಾಗಿ ಬರುತ್ತದೆಂದು ಹೇಳಿದರು. ನ್ಯಾಲೆ ಹೆಚ್ಚು ಬಂದರೆ ಬೆಳೆಯೂ ಹೆಚ್ಚು ಎಂಬುದು ಇಲ್ಲಿಯ ನಂಬಿಕೆ. ಕಡಲೂ ಗದ್ದೆಯೂ ಒಂದೇ ಮಳೆಗಾಲಕ್ಕೆ ಸೇರಿದವುಗಳಾದ್ದರಿಂದ ಅದನ್ನು ಒಮ್ಮೆಗೇ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ, ಒಪ್ಪಲೂ ಆಗಲಿಲ್ಲ.

ಸಪ್ತಮಿ

ಹೊರಡುವ ದಿನ. ಹುಳು ತೊಳೆದ ನೀರನ್ನೂ ಒಡೆದ ಚೂರುಗಳನ್ನೂ ಇನಾಕ್ ರಾತ್ರಿಯೇ ಒಂದು ಪಾತ್ರೆಯಲ್ಲಿ ತೆಗೆದಿಟ್ಟಿದ್ದರು. ಬೆಳಿಗ್ಗೆ ಅದನ್ನು ಮನೆಯ ಹಿಂದಿನ ಗದ್ದೆಯ ಅಂಚಿಗೆ ಒಯ್ದು, ನೀರು ಒಳಬರುವ ಕಂಡಿಯ ಬಳಿ ಸುರಿದರು. ಒಂದು ಕೊಕ್ಕರೆ ದೂರದಿಂದಲೇ ಅದನ್ನು ಗಮನಿಸಿ ನಡೆದು ಬಂತು.

ಮುಂದಿನ ವರ್ಷದ ದಿನ ಯಾವುದಾದೀತೆಂದು ನಾನು ಪಂಚಾಂಗದ ಹಿಂಬದಿಯಲ್ಲಿ ಲೆಕ್ಕ ಹಾಕಿ ಅಮಾಕ್‌ಗೆ ತೋರಿಸಿದೆ. ಅವರು ಅಂಕಿಗಳನ್ನು ಬಹಳ ಹೊತ್ತು ನೋಡಿ, ಸಭೆ ಸೇರಿದ ಮೇಲೆ ತಿಳಿಸುತ್ತೇನೆಂದರು.

ಊರಿನಿಂದ ಹೊರಡುವಾಗ, ಹಳೆಯ ಕಾಲೇಜಿಗೆ ಒಳ್ಳೆಯದೊಂದು ಮಾದರಿ ತಂದುಕೊಡುವ ಯೋಚನೆಯಿಂದ ನಾನು ಚೀಲದಲ್ಲಿ ಬಿಗಿ ಮುಚ್ಚಳದ ಖಾಲಿ ಗಾಜಿನ ಜಾಡಿಯೊಂದನ್ನು ಇಟ್ಟುಕೊಂಡಿದ್ದೆ. ಪ್ರಾಣಿಗಳ ಮಾದರಿಯನ್ನು ಅನುಮತಿಯಿಲ್ಲದೆ ದೇಶ ದಾಟಿಸುವಂತಿಲ್ಲ ಎಂಬುದು ಗೊತ್ತಿದ್ದೂ ತಂದದ್ದು ಅಭ್ಯಾಸಬಲ. ಸಾಮಾನು ಕಟ್ಟುವಾಗ ಅದು ಇನಾಕ್ ಅವರ ಕಣ್ಣಿಗೆ ಬಿತ್ತು. ಮುಚ್ಚಳವನ್ನು ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸಿ ನೋಡಿದರು. ನಿಮಗೇ ಇರಲಿ ಎಂದು ಕೊಟ್ಟೆವು. ಕಾರು ಬರುವಷ್ಟರಲ್ಲಿ ಅವರು ಉಳಿದ ನ್ಯಾಲೆಯನ್ನು ಉಪ್ಪಿನೊಡನೆ ಅದರಲ್ಲಿ ಒತ್ತಿ ತುಂಬಿ, ಅಡಿಗೆಮನೆಯ ಮೇಲಿನ ಹಲಗೆಯಲ್ಲಿ, ಮೆಣಸಿನಕಾಯಿಯ ಡಬ್ಬಿಯ ಪಕ್ಕದಲ್ಲಿ ಇಟ್ಟಾಗಿತ್ತು.